ಎರಡಾಣೆಯ ಎರಡು ದಾರಿ: ಕಾಫಿಯ ಲೋಟ, ಪಿಗ್ಮಿಯ ಪುಸ್ತಕ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವ ತಲೆದೋರಿದಾಗ, 1918ರಲ್ಲಿ, ಭಾರತದ ಬ್ರಿಟಿಷ್ ಸರ್ಕಾರವು ಎರಡಾಣೆಯ ನಾಣ್ಯದ ರೂಪವನ್ನೇ ಬದಲಿಸಿತು. ಅದುವರೆಗೆ ಬೆಳ್ಳಿಯ ಪುಟ್ಟ ಬಿಲ್ಲೆಯಾಗಿದ್ದ ಎರಡಾಣೆ ಅಂದಿನಿಂದ ತಾಮ್ರ-ನಿಕ್ಕಲ್ ಮಿಶ್ರಲೋಹದ, ಮೂಲೆಗಳನ್ನು ದುಂಡಗೆ ಮಾಡಿದ ಚೌಕಾಕಾರದ ನಾಣ್ಯವಾಯಿತು. ಕಿಸೆಯೊಳಗೆ ಕೈಯಿಟ್ಟರೆ ಕಣ್ಣಿನಿಂದ ನೋಡದೆಯೇ ಬೆರಳಿಗೆ ಗುರುತು ಸಿಗುವ ನಾಣ್ಯವದು. ರೂಪಾಯಿಯ ಎಂಟನೆಯ ಒಂದು ಪಾಲು. ಕಳೆದುಹೋದರೆ ಅಳುವಷ್ಟು ದೊಡ್ಡದಲ್ಲ, ಸಿಕ್ಕಿದರೆ ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ. ಮುಂದಿನ ಒಂದು ದಶಕದೊಳಗೆ ಕನ್ನಡ ಕರಾವಳಿಯಲ್ಲಿ ಈ ಮೊತ್ತದ ಸುತ್ತ ಒಂದು ಚರಿತ್ರೆಯೇ ಬೆಳೆಯಿತು. ಆ ಚರಿತ್ರೆಗೆ ಎರಡು ಮುಖಗಳು. ಒಂದು, ಹೋಟೆಲಿನ ಗಲ್ಲಾಪೆಟ್ಟಿಗೆ. ಇನ್ನೊಂದು, ಬ್ಯಾಂಕಿನ ಉಳಿತಾಯದ ಪುಸ್ತಕ.

ಇಂದು ಈ ಎರಡನ್ನೂ ಎದುರುಬದುರಾಗಿ ನಿಲ್ಲಿಸುವುದು ವಾಡಿಕೆಯಾಗಿದೆ. ಮನೆ ಕಟ್ಟಬೇಕೆ, ಮಗಳ ಓದಿಗೆ ಹಣ ಕೂಡಿಡಬೇಕೆ, ಮೊದಲು ಹೊರಗಿನ ಕಾಫಿಯನ್ನು ಬಿಡಿ ಎಂಬ ಉಪದೇಶ ಹಣಕಾಸಿನ ಸಲಹೆಗಾರರ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ಅಮೆರಿಕದ ಲೇಖಕ ಡೇವಿಡ್ ಬಾಖ್ ಇದಕ್ಕೆ ‘ಲಾಟೆ ಫ್ಯಾಕ್ಟರ್’ ಎಂಬ ಹೆಸರನ್ನು ಕೊಟ್ಟು ಜನಪ್ರಿಯಗೊಳಿಸಿದನು. ದಿನದಿನವೂ ಕಾಫಿಗೆ ಸುರಿಯುವ ಹಣವನ್ನು ಬಡ್ಡಿಗೆ ಹಾಕಿದರೆ ವೃದ್ಧಾಪ್ಯದಲ್ಲಿ ಶ್ರೀಮಂತರಾಗಬಹುದು ಎಂಬುದು ಅದರ ಸಾರ. ಇದನ್ನು ಖಂಡಿಸಿದವರೂ ಅಲ್ಲಿಯೇ ಇದ್ದಾರೆ. ಮಧ್ಯಮವರ್ಗದ ಕೈ ಬರಿದಾಗುತ್ತಿರುವುದು ಕಾಫಿಯಿಂದಲ್ಲ, ಏರುತ್ತಿರುವ ಮನೆ, ವೈದ್ಯ, ಶಿಕ್ಷಣಗಳ ವೆಚ್ಚದಿಂದ ಹಾಗೂ ಏರದ ಸಂಬಳದಿಂದ ಎಂದು ಹೆಲೇನ್ ಓಲೆನ್ 2012ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಈ ವಾಗ್ವಾದವನ್ನು ಹೊಸದೆಂದು ತಿಳಿಯುವವರು ಉಡುಪಿಯ ಕಡೆಗೊಮ್ಮೆ ತಿರುಗಿ ನೋಡಬೇಕು. ಕಾಫಿಯನ್ನು ಊರೂರಿಗೆ ಮಾರಿದವರೂ ದಿನಕ್ಕೆ ಎರಡಾಣೆ ಉಳಿಸುವ ಉಪಾಯವನ್ನು ಕಂಡುಹಿಡಿದವರೂ ಅಲ್ಲಿ ಒಂದೇ ಮಣ್ಣಿನವರು.

ಕಾಫಿಯ ಗಿಡ ಕನ್ನಡ ನಾಡಿಗೆ ಹಳೆಯದು. ಕಾಫಿಯ ಕುಡಿತ ಅಷ್ಟು ಹಳೆಯದಲ್ಲ. ಬಾಬಾಬುಡನ್ ಗಿರಿಯ ಐತಿಹ್ಯ ಎಲ್ಲರಿಗೂ ಗೊತ್ತಿರುವಂಥದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಕೊಡಗುಗಳ ತೋಟಗಳು ಹಬ್ಬಿದಾಗಲೂ ಬೆಳೆಯ ಬಹುಭಾಗ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ತೋಟದಲ್ಲಿ ಬೆವರು ಸುರಿಸಿದವನ ಮನೆಯಲ್ಲಿ ಬೆಳಗ್ಗೆ ಕುದಿಯುತ್ತಿದ್ದುದು ಗಂಜಿ ಅಥವಾ ಅಂಬಲಿ. ಕರಾವಳಿಯಲ್ಲಾದರೆ ಕೊತ್ತಂಬರಿ-ಜೀರಿಗೆಯ ಕಷಾಯ, ಬಂದ ಅತಿಥಿಗೆ ಬೆಲ್ಲ-ನೀರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಟ್ಟಣದ ಗುಮಾಸ್ತರು, ವಕೀಲರು, ಶಾಲಾ ಉಪಾಧ್ಯಾಯರು ಕಾಫಿಗೆ ಒಲಿದರು. ಅವರ ಹಿಂದೆ ಅವರ ಮನೆಗಳು ಒಲಿದವು. ಹಿರಿಯರು ಮೂಗು ಮುರಿದರು. ಆರೋಗ್ಯ ಕೆಡುತ್ತದೆ ಎಂಬುದು ಒಂದು ಆಕ್ಷೇಪ. ಹಾಲು ಮಾರಿ ಕಾಫಿ ಪುಡಿ ತರುವ ಕಾಲ ಬಂತು ಎಂಬುದು ಇನ್ನೊಂದು. ಎರಡನೆಯದರಲ್ಲಿ ಇದ್ದುದು ಲೆಕ್ಕದ ಮಾತು. ಮನೆಯಲ್ಲಿ ಬೆಳೆಯದ, ಮನೆಯಲ್ಲಿ ಕರೆಯದ, ಕಾಸು ಕೊಟ್ಟೇ ತರಬೇಕಾದ ವಸ್ತುವೊಂದು ಪ್ರತಿದಿನದ ಅಗತ್ಯವಾಗಿ ಒಳಮನೆಯನ್ನು ಹೊಕ್ಕಿತ್ತು.

ಕಾಫಿಯನ್ನು ಬೀದಿಗೆ ತಂದವರು ಹೋಟೆಲಿನವರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಗೇಣಿಯ ಭೂಮಿ, ತುಂಬಿದ ಸಂಸಾರ, ಮಳೆಗಾಲದ ಹಸಿವು ಇವುಗಳಿಂದ ನೊಂದ ಹುಡುಗರು ಮದರಾಸು, ಬೆಂಗಳೂರು, ಮುಂಬಯಿಗಳಿಗೆ ಹೋಗಿ ಅಡುಗೆಯವರಾದರು, ಮಾಣಿಗಳಾದರು, ಕೆಲವರು ಮಾಲೀಕರೂ ಆದರು. ಮದರಾಸಿನಲ್ಲಿ ಕೆ. ಕೃಷ್ಣರಾಯರು ಕಟ್ಟಿದ ಹೋಟೆಲುಗಳಿಂದ ಉಡುಪಿಯ ಹೆಸರೇ ಒಂದು ಬಗೆಯ ಊಟ-ತಿಂಡಿಯ ಹೆಸರಾಯಿತು. ಬೆಂಗಳೂರಿನಲ್ಲಿ 1924ರಲ್ಲಿ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ ತೆರೆದ ‘ಬ್ರಾಹ್ಮಣರ ಕಾಫಿ ಕ್ಲಬ್’ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಗಿ ಪ್ರಸಿದ್ಧವಾಯಿತು. ‘ಕಾಫಿ ಕ್ಲಬ್’ ಎಂಬ ಆ ಕಾಲದ ಹೆಸರನ್ನು ಗಮನಿಸಬೇಕು. ಇಡ್ಲಿ, ದೋಸೆ, ಉಪ್ಪಿಟ್ಟುಗಳೆಲ್ಲವೂ ಅಲ್ಲಿ ದೊರೆಯುತ್ತಿದ್ದರೂ ಫಲಕದ ಮೇಲೆ ಕುಳಿತದ್ದು ಕಾಫಿ. ಅದರ ಪಕ್ಕದಲ್ಲಿ ಜಾತಿಯೂ ಕುಳಿತಿತ್ತು ಎಂಬುದನ್ನು ಮರೆಯಲಾಗದು. ಕಾಫಿಯ ಚರಿತ್ರೆಯನ್ನು ಪರಿಮಳದ ಚರಿತ್ರೆಯಾಗಿ ಮಾತ್ರ ಬರೆಯುವವರು ಆ ಫಲಕವನ್ನು ಓದದೆ ಮುಂದೆ ಸಾಗುತ್ತಾರೆ.

ಹೀಗೆ ಊರುಬಿಟ್ಟವರು ಹೊರಗೆ ಕಾಫಿ ಮಾರುತ್ತಿದ್ದಾಗ ಊರಿನಲ್ಲಿ ಉಳಿದವರ ಸ್ಥಿತಿ ಹೇಗಿತ್ತು? ನೇಯ್ಗೆಯವರ ಪಾಡು ಎಲ್ಲಕ್ಕಿಂತ ಕಷ್ಟದ್ದು. ಗಿರಣಿಯ ಬಟ್ಟೆಯ ಮುಂದೆ ಕೈಮಗ್ಗ ಸೋಲುತ್ತಿತ್ತು. ನೂಲು ಕೊಳ್ಳಲು ಮುಂಗಡ ಬೇಕು. ಮುಂಗಡ ಕೊಟ್ಟವನಿಗೆ ಬಡ್ಡಿ ಕೊಡಬೇಕು. ನೇಯ್ದ ಬಟ್ಟೆಯ ಬೆಲೆಯನ್ನು ಅವನೇ ಗೊತ್ತುಮಾಡುತ್ತಾನೆ. ಈ ಬಿಕ್ಕಟ್ಟಿನಿಂದ ನೇಕಾರರನ್ನು ಎತ್ತಬೇಕೆಂಬ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆ ಹುಟ್ಟಿತು. ವೈದ್ಯರಾದ ಡಾ. ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ವಾಮನ ಶ್ರೀನಿವಾಸ ಕುಡ್ವ ಇದರ ಸ್ಥಾಪಕರು. ಮೂಲ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶವೆಲ್ಲ ಬಲ್ಲ ಸಂಸ್ಥೆ ಇದೇ.

ಕರಾವಳಿಗೆ ಬ್ಯಾಂಕು ಹೊಸದಾಗಿರಲಿಲ್ಲ. 1906ರಲ್ಲಿಯೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ತೆರೆದಿತ್ತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಇನ್ನೊಂದು ಬ್ಯಾಂಕು ಆರಂಭವಾಗಿತ್ತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಈ ಎರಡನೆಯದು ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲಿಯೂ ಮಿತವ್ಯಯದ ಅಭ್ಯಾಸ ಬೆಳೆಸುವುದನ್ನು ತನ್ನ ಗುರಿಯೆಂದು ಸಾರಿತ್ತು. ಮೊದಲ ದಿನ ಅದರಲ್ಲಿ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ದಾಖಲಿಸಿದ ಕೈಯಲ್ಲಿ ಕರಾವಳಿಯ ಸ್ವಭಾವವೇ ಕಾಣುತ್ತದೆ. ಸರ್ಕಾರದ ಅಂಚೆ ಉಳಿತಾಯ ಬ್ಯಾಂಕು 1882ರಿಂದಲೇ ಇತ್ತು. ಆದರೆ ಇವೆಲ್ಲವುಗಳಿಗೂ ಒಂದು ಸಮಾನ ಲಕ್ಷಣವಿತ್ತು: ಹಣವಿದ್ದವನು ಅವುಗಳ ಬಾಗಿಲಿಗೆ ನಡೆದು ಹೋಗಬೇಕು. ದಿನಗೂಲಿಯವನಿಗೆ ಹಗಲಿನಲ್ಲಿ ಬಿಡುವಿಲ್ಲ. ಬಿಡುವಾದಾಗ ಬಾಗಿಲು ಮುಚ್ಚಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡಾಣೆಯನ್ನು ಹಿಡಿದು ಮೇಜಿನ ಆಚೆಯ ಗುಮಾಸ್ತನ ಮುಂದೆ ನಿಲ್ಲಲು ಸಂಕೋಚ.

1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಈ ಸಂಬಂಧವನ್ನು ತಿರುಗುಮುರುಗು ಮಾಡಿತು. ಬ್ಯಾಂಕಿನ ಪರವಾಗಿ ಒಬ್ಬ ಸಂಗ್ರಾಹಕನು ಪ್ರತಿದಿನ ಮನೆಗೆ, ಅಂಗಡಿಗೆ, ಮಗ್ಗದ ಕೊಟ್ಟಿಗೆಗೆ ತಾನೇ ಬರುತ್ತಾನೆ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ, ಹೋಗುತ್ತಾನೆ. ಮರುದಿನ ಅದೇ ಹೊತ್ತಿಗೆ ಮತ್ತೆ ಬರುತ್ತಾನೆ. ಇಷ್ಟೇ ಇದರ ತಂತ್ರ. ಕುಬ್ಜವೆಂಬ ಅರ್ಥದ ಇಂಗ್ಲಿಷ್ ಮಾತೊಂದು ಹೀಗೆ ಕನ್ನಡದ ಬಳಕೆಗೆ ಬಂದು, ‘ಪಿಗ್ಮಿ ಕಟ್ಟುವುದು’, ‘ಪಿಗ್ಮಿ ಮುರಿಸುವುದು’, ‘ಪಿಗ್ಮಿಯವರು ಬಂದರು’ ಎಂಬ ನುಡಿಗಟ್ಟುಗಳನ್ನು ಹುಟ್ಟಿಸಿತು. ಆ ಪದದ ಮೂಲವನ್ನು ಯಾರೂ ಕೇಳದಷ್ಟು ಅದು ಮನೆಮಾತಾಯಿತು.

ಲೆಕ್ಕವನ್ನು ಒಮ್ಮೆ ನೋಡಬಹುದು. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಏಳು ವರ್ಷ ಬಿಡದೆ ಕಟ್ಟಿದರೆ, ಬಡ್ಡಿಯನ್ನು ಹಿಡಿಯದೆಯೇ, 319 ರೂಪಾಯಿ 6 ಆಣೆ. ಇನ್ನೊಂದು ಬಗೆಯಿಂದಲೂ ಎಣಿಸಬಹುದು: 176 ಮಂದಿ ಒಂದು ವರ್ಷ ದಿನಕ್ಕೆ ಎರಡಾಣೆ ಕೊಟ್ಟರೆ 8,030 ರೂಪಾಯಿ ಕೂಡುತ್ತದೆ. ಬ್ಯಾಂಕು ಹುಟ್ಟಿದಾಗಿನ ಬಂಡವಾಳಕ್ಕಿಂತ ಅದು ಹೆಚ್ಚು. ಒಂದು ಕೇರಿಯ ಜನ ಒಂದು ವರ್ಷದಲ್ಲಿ ಒಂದು ಬ್ಯಾಂಕನ್ನು ಕಟ್ಟಬಲ್ಲರು ಎಂಬ ಈ ಸರಳ ಗಣಿತವನ್ನು ಅರಿಯಲು ಅರ್ಥಶಾಸ್ತ್ರದ ಪಾಂಡಿತ್ಯ ಬೇಕಿರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಅಜ್ಜಿಯರು ಮೊದಲೇ ಹೇಳಿದ್ದರು. ಆದರೆ ಹನಿಗಳು ತಾವಾಗಿ ಹಳ್ಳಕ್ಕೆ ಬರುವುದಿಲ್ಲ, ಕಾಲುವೆ ತೋಡಬೇಕು ಎಂಬುದನ್ನು ಗಾದೆ ಹೇಳಿರಲಿಲ್ಲ.

ಇಲ್ಲಿ ಕನ್ನಡದ ಪದವೊಂದರ ಕಡೆಗೆ ಗಮನ ಹರಿಸುವುದು ಉಚಿತ. ‘ಉಳಿತಾಯ’ ಎಂಬ ಮಾತಿನಲ್ಲಿ ‘ಉಳಿ’ ಎಂಬ ಧಾತುವಿದೆ. ಖರ್ಚಾದ ಮೇಲೆ ಉಳಿದದ್ದು ಎಂಬ ಭಾವ ಅದರಲ್ಲಿ ಸಹಜವಾಗಿಯೇ ಅಡಗಿದೆ. ತಿಂಗಳ ಕೊನೆಯಲ್ಲಿ ಏನಾದರೂ ಉಳಿದರೆ ಅದು ಉಳಿತಾಯ. ಉಳಿಯದಿದ್ದರೆ ಹಣೆಯ ಬರಹ. ಪಿಗ್ಮಿಯಲ್ಲಿ ಈ ಕ್ರಮ ಉಲ್ಟಾ ಆಯಿತು. ಸಂಗ್ರಾಹಕನು ಬಂದಾಗ ಕೊಟ್ಟದ್ದು ಮೊದಲ ಖರ್ಚು, ಮಿಕ್ಕಿದ್ದರಲ್ಲಿ ಸಂಸಾರ. ಕಾಫಿಯೂ ಹಾಗೆಯೇ ಅಲ್ಲವೆ? ತಿಂಗಳ ಕೊನೆಯಲ್ಲಿ ಹಣ ಉಳಿದರೆ ಕಾಫಿ ಕುಡಿಯೋಣ ಎಂದು ಯಾರೂ ಕಾಯುವುದಿಲ್ಲ. ಹೊತ್ತು ಮೂಡಿದೊಡನೆ ಅದರ ಬೇಡಿಕೆ ಏಳುತ್ತದೆ. ದಿನವೂ, ಅದೇ ಹೊತ್ತಿಗೆ, ಚಿಕ್ಕ ಮೊತ್ತದಲ್ಲಿ, ಇನ್ನೊಬ್ಬರ ಸಹವಾಸದಲ್ಲಿ: ಕಾಫಿ ಚಟವಾಗುವುದಕ್ಕೆ ಯಾವ ನಾಲ್ಕು ಕಾರಣಗಳಿವೆಯೋ ಪಿಗ್ಮಿ ಅಭ್ಯಾಸವಾಗುವುದಕ್ಕೂ ಅವೇ ಕಾರಣಗಳು ಒದಗಿದವು. ಆ ಯೋಜನೆ ಯಾರಿಗೂ ಕಾಫಿಯನ್ನು ಬಿಡಿ ಎಂದು ಉಪದೇಶಿಸುವ ಗೋಜಿಗೆ ಹೋಗದೆ, ಅದರ ಹೆಗಲೆಣೆಯಾಗಿ ಇನ್ನೊಂದು ಅಭ್ಯಾಸವನ್ನು ತಂದು ನಿಲ್ಲಿಸಿತು. ಲಾಟೆಯ ಉಪದೇಶಕ್ಕೂ ಉಡುಪಿಯ ಉಪಾಯಕ್ಕೂ ಇರುವ ಅಂತರ ಇದೇ.

ಕಾಫಿಯನ್ನು ನಿಜವಾಗಿಯೂ ಬಿಟ್ಟು, ಹಣವನ್ನೂ ನಿಜವಾಗಿಯೂ ಉಳಿಸಿದ ಪ್ರಸಿದ್ಧರೊಬ್ಬರ ನಿದರ್ಶನವನ್ನು ಇದರೊಡನೆ ಹೋಲಿಸಬಹುದು. 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯವರು ಆಹಾರದ ಪ್ರಯೋಗಗಳ ನಡುವೆ ಚಹಾ-ಕಾಫಿಗಳನ್ನು ಬಿಟ್ಟ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅದೇ ಕಾಲದಲ್ಲಿ ಅವರು ಕಾಸುಕಾಸಿನ ಲೆಕ್ಕವಿಡುತ್ತಿದ್ದರು; ಬಸ್ಸಿನ ದರ, ಅಂಚೆಯ ವೆಚ್ಚ, ಪತ್ರಿಕೆಗೆ ಕೊಟ್ಟ ಚಿಲ್ಲರೆ ಎಲ್ಲವನ್ನೂ ಬರೆದು ಮಲಗುವ ಮುನ್ನ ಶಿಲ್ಕು ತೆಗೆಯುತ್ತಿದ್ದರು. ದಿನದ ಆಹಾರವನ್ನು ಒಂದು ಷಿಲಿಂಗ್ ಮೂರು ಪೆನ್ಸಿಗೆ ಇಳಿಸಿದ್ದರು. ಈ ಎರಡನ್ನೂ ಕೂಡಿಸಿ, ಕಾಫಿ ಬಿಟ್ಟದ್ದರಿಂದ ಹಣ ಉಳಿಯಿತು ಎಂದು ಓದಿಬಿಡುವುದು ಸುಲಭ. ಗ್ರಂಥವನ್ನು ನಿಧಾನವಾಗಿ ನೋಡಿದರೆ ಚಿತ್ರ ಬೇರೆ. ಕಾಫಿಯನ್ನು ಬಿಟ್ಟದ್ದು ಆರೋಗ್ಯದ ವಿಚಾರದಿಂದ. ಅದರ ಜಾಗಕ್ಕೆ ಕೋಕೋ ಬಂದಿತು, ಮತ್ತು ಕೋಕೋಗೂ ಕಾಸು ಕೊಡಬೇಕಿತ್ತು. ಹಣ ಉಳಿದದ್ದು ಬೇರೆಡೆಯಲ್ಲಿ. ಎರಡು ಕೋಣೆಗಳ ಬಿಡಾರವನ್ನು ಬಿಟ್ಟು ಒಂದೇ ಕೋಣೆಗೆ ಬಂದದ್ದು, ಒಲೆ ಇಟ್ಟುಕೊಂಡು ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡದ್ದು, ಗಾಡಿ ಹತ್ತದೆ ದಿನಕ್ಕೆ ಎಂಟು ಹತ್ತು ಮೈಲಿ ನಡೆದದ್ದು, ಇವೇ ಆ ಮಿತವ್ಯಯದ ಕಂಬಗಳು. ಬಾಡಿಗೆಯ ಭಾರವನ್ನು ಇಳಿಸದೆ ಲೋಟದ ಮೇಲೆ ಕೋಪಿಸಿಕೊಳ್ಳುವವರು ಈ ಅಧ್ಯಾಯಗಳನ್ನು ಮತ್ತೊಮ್ಮೆ ಓದಬೇಕು.

ಭೋಗವನ್ನು ಮಿತಗೊಳಿಸುವುದಕ್ಕೆ ಈ ನಾಡಿನಲ್ಲಿ ಕಾಫಿಗಿಂತ ಬಹಳ ಹಿಂದಿನ ಶಾಸ್ತ್ರವೂ ಒಂದಿದೆ. ಶ್ರಾವಕರ ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೆಂಬುದು ಸೇರಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ಮಿತಿಯನ್ನು ಎರಡಾಗಿ ವಿಂಗಡಿಸುತ್ತದೆ. ಜೀವಾವಧಿ ಬಿಟ್ಟರೆ ಅದು ಯಮ. ಕಾಲದ ಗಡಿ ಹಾಕಿ ಬಿಟ್ಟರೆ ಅದು ನಿಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಮಾಸ, ಋತು, ಅಯನ ಹೀಗೆ ಶಕ್ತಿಗೆ ತಕ್ಕ ಗಡಿಯನ್ನು ಹಾಕಿಕೊಳ್ಳಬಹುದು. ಮಿತಗೊಳಿಸಬೇಕಾದವುಗಳ ಪಟ್ಟಿಯಲ್ಲಿ ಊಟ, ವಾಹನ, ಹಾಸಿಗೆ, ಹೂವು, ಒಡವೆಗಳೊಂದಿಗೆ ತಾಂಬೂಲವೂ ಇದೆ. ಆ ಕಾಲಕ್ಕೆ ದಿನದಿನದ ಸಣ್ಣ ಸುಖವೆಂದರೆ ತಾಂಬೂಲ. ಕಾಫಿ ಇದ್ದಿದ್ದರೆ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ಸಿಗುತ್ತಿತ್ತು ಎನ್ನುವುದರಲ್ಲಿ ಸಂಶಯವಿಲ್ಲ. ಮನುಷ್ಯನ ದೌರ್ಬಲ್ಯವನ್ನು ಬಲ್ಲ ವ್ಯವಸ್ಥೆಯಿದು. ಇನ್ನೆಂದಿಗೂ ಕುಡಿಯುವುದಿಲ್ಲ ಎಂದು ಸೋಮವಾರ ಶಪಥ ಮಾಡಿ ಬುಧವಾರ ಮುರಿಯುವುದಕ್ಕಿಂತ, ಈ ಪಕ್ಷದಲ್ಲಿ ಸಂಜೆಯ ಕಾಫಿ ಇಲ್ಲ ಎಂಬ ಗಡಿಯನ್ನು ದಾಟುವುದು ಸುಲಭ.

ಆದರೆ ಈ ಶಾಸ್ತ್ರವನ್ನು ಉಳಿತಾಯದ ಕೈಪಿಡಿಯೆಂದು ಓದುವುದು ತಪ್ಪಾಗುತ್ತದೆ. ಭೋಗಕ್ಕೆ ಮಿತಿ ಹಾಕುವ ಅದೇ ವ್ರತಮಾಲೆಯಲ್ಲಿ ಪರಿಗ್ರಹಕ್ಕೂ, ಅಂದರೆ ಕೂಡಿಟ್ಟ ಧನಧಾನ್ಯಗಳಿಗೂ, ಮಿತಿಯಿದೆ. ಅಲ್ಲಿ ಖರ್ಚು ಇಳಿದಂತೆ ಗಂಟು ಬೆಳೆಯುತ್ತಾ ಹೋಗುವಂತಿಲ್ಲ. ಆಧುನಿಕ ಉಪದೇಶದಲ್ಲಿ ಲೋಟವನ್ನು ಬಿಡುವುದು ಗಂಟನ್ನು ಬೆಳೆಸಲಿಕ್ಕಾಗಿ. ಆ ಗಂಟಿಗೆ ಮೇಲ್ಮಿತಿಯೇ ಇಲ್ಲ. ಹೊರನೋಟಕ್ಕೆ ಒಂದೇ ಆಗಿ ಕಾಣುವ ಎರಡು ಸಂಯಮಗಳು ಹೀಗೆ ಬೇರೆ ಬೇರೆ ದಿಕ್ಕಿಗೆ ಮುಖಮಾಡಿವೆ. ನೇಕಾರನ ಪಿಗ್ಮಿ ಈ ಎರಡರ ನಡುವೆ ಎಲ್ಲಿಯೋ ಇತ್ತು. ಅವನ ಗಂಟಿಗೆ ಒಂದು ಗುರಿಯಿತ್ತು. ನೂಲೋ, ಮಾಡಿನ ಹಂಚೋ, ಮಗಳ ಮದುವೆಯೋ ಬಂದಾಗ ಅದು ಮುಗಿಯುತ್ತಿತ್ತು.

1930ರ ದಶಕದ ಮಹಾ ಆರ್ಥಿಕ ಕುಸಿತ ಈ ಕಥೆಗೆ ಒಂದು ವಿಚಿತ್ರ ತಿರುವನ್ನು ಕೊಟ್ಟಿತು. ಕಾಫಿಯ ಬೆಲೆ ಜಗತ್ತಿನಲ್ಲೆಲ್ಲ ಬಿದ್ದುಹೋಯಿತು. ಬೆಳೆಗಾರರಿಗೆ ದೇಶದೊಳಗಿನ ಬಾಯಿಗಳು ಬೇಕಾದವು. 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂದಿತು. ಸೆಸ್ಸಿನ ಹಣದಿಂದ ಕಾಫಿಯ ಪ್ರಚಾರಕ್ಕೆಂದೇ ಸಮಿತಿಯೊಂದು ನೇಮಕವಾಯಿತು. 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿದಾಗ 1942ರ ಕಾಯಿದೆಯಿಂದ ಕಾಫಿ ಮಂಡಳಿ ರೂಪುಗೊಂಡು, ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ಹೊಣೆ ಹೊತ್ತಿತು. ಹೀಗೆ ಒಂದು ಕಡೆ ಕಾಯಿದೆಬದ್ಧ ಸಂಸ್ಥೆಯೇ ಜನರನ್ನು ಕಾಫಿ ಕುಡಿಯಿರಿ ಎಂದು ಕರೆಯುತ್ತಿತ್ತು. ಅದೇ ವರ್ಷಗಳಲ್ಲಿ ಸರ್ಕಾರದ ಇನ್ನೊಂದು ಕೈ ರಕ್ಷಣಾ ಉಳಿತಾಯ ಪತ್ರಗಳನ್ನು ಹಿಡಿದು, ಖರ್ಚು ಕಡಿಮೆ ಮಾಡಿ, ಯುದ್ಧಕ್ಕೆ ಹಣ ಕೂಡಿಸಿ ಎಂದು ಬೇಡುತ್ತಿತ್ತು. ಸಕ್ಕರೆ ಪಡಿತರಕ್ಕೆ ಬಂದದ್ದರಿಂದ ಎರಡು ಹೊತ್ತಿನ ಕಾಫಿ ಒಂದು ಹೊತ್ತಿಗೆ ಇಳಿದ ಮನೆಗಳೂ, ಸಕ್ಕರೆಯ ಬದಲು ಬೆಲ್ಲ ಹಾಕಿದ ಮನೆಗಳೂ ಇದ್ದವು. ಪ್ರಜೆ ಯಾವ ಮಾತನ್ನು ಕೇಳಬೇಕಿತ್ತು?

ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಸಹ ತಡವರಿಸಿದ ಕಾಲವದು. ಎಲ್ಲರೂ ಒಟ್ಟಿಗೆ ಖರ್ಚನ್ನು ಬಿಗಿಹಿಡಿದರೆ ಎಲ್ಲರ ಆದಾಯವೂ ಕುಸಿಯುತ್ತದೆ, ಕೊನೆಗೆ ಉಳಿತಾಯವೂ ಕುಸಿಯುತ್ತದೆ ಎಂಬ ವಿರೋಧಾಭಾಸವನ್ನು ಜಾನ್ ಮೇನಾರ್ಡ್ ಕೇನ್ಸ್ 1936ರ ತನ್ನ ಗ್ರಂಥದಲ್ಲಿ ಮುಂದಿಟ್ಟನು. ಕರಾವಳಿಯವರಿಗೆ ಇದನ್ನು ಅರಿಯಲು ಆ ಗ್ರಂಥವನ್ನು ತೆರೆಯಬೇಕಿರಲಿಲ್ಲ. ಅಂಚೆಯವನ ಚೀಲವನ್ನು ನೋಡಿದರೆ ಸಾಕಿತ್ತು. ಮುಂಬಯಿಯ ಗುಮಾಸ್ತನು ಕಾಫಿಗೆ ಕೊಟ್ಟ ಚಿಲ್ಲರೆ ಹೋಟೆಲಿನ ಗಲ್ಲಾ ಸೇರಿ, ಅದರ ಒಂದು ಅಂಶ ಮಾಣಿಯ ಸಂಬಳವಾಗಿ, ಆ ಸಂಬಳದ ಒಂದು ಅಂಶ ಮನಿಯಾರ್ಡರಾಗಿ ಕುಂದಾಪುರದ, ಉಡುಪಿಯ, ಕಾರ್ಕಳದ ಯಾವುದೋ ಮನೆಯ ಜಗಲಿಗೆ ಬರುತ್ತಿತ್ತು. ಆ ಮನೆಯ ತಾಯಿ ಅದರಲ್ಲಿ ಒಂದಿಷ್ಟನ್ನು ಸಾಸಿವೆ ಡಬ್ಬಿಗೆ ಸೇರಿಸುತ್ತಿದ್ದಳು, ಒಂದಿಷ್ಟನ್ನು ಪಿಗ್ಮಿಯವನ ಕೈಗೆ ಹಾಕುತ್ತಿದ್ದಳು. ಒಬ್ಬನ ವ್ಯಸನ ಇನ್ನೊಬ್ಬಳ ಉಳಿತಾಯವಾಗುತ್ತಿದ್ದ ಬಗೆ ಇದು. ಆ ಗುಮಾಸ್ತನು ಕಾಫಿ ಬಿಟ್ಟು ಹಣ ಉಳಿಸುವ ಸಂಕಲ್ಪ ಮಾಡಿದ್ದರೆ ಅವನ ಪುಸ್ತಕದಲ್ಲಿ ಎರಡಾಣೆ ಏರುತ್ತಿತ್ತು, ಕಾರ್ಕಳದ ಪುಸ್ತಕದಲ್ಲಿ ಅಷ್ಟರಮಟ್ಟಿಗೆ ಇಳಿಯುತ್ತಿತ್ತು. ಹಾಗೆಂದು ಅವನು ಕುಡಿಯುತ್ತಲೇ ಇರಬೇಕೆಂದೇನೂ ಅಲ್ಲ. ಆದರೆ ಕಾಫಿಗೆ ಹಾಕಿದ ಕಾಸು ಗಂಟಲಲ್ಲಿ ಕರಗಿ ಮಾಯವಾಯಿತು ಎಂಬ ಉಪದೇಶಕರ ಚಿತ್ರ ಪೂರ್ತಿ ನಿಜವಲ್ಲ. ಅದು ಕೈಬದಲಾಯಿಸಿತು, ಅಷ್ಟೆ.

ಬಿಡುವುದಕ್ಕೂ ಕುಡಿಯುವುದಕ್ಕೂ ನಡುವೆ ಜನ ತಮ್ಮದೇ ದಾರಿಗಳನ್ನು ಕಂಡುಕೊಂಡಿದ್ದರು. ಮನೆಯಲ್ಲಿ ಮೊದಲ ಡಿಕಾಕ್ಷನ್ ಗಂಡಸರಿಗೆ, ಅತಿಥಿಗಳಿಗೆ. ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಸುರಿದು ಇಳಿಸಿದ ಎರಡನೆಯ ಡಿಕಾಕ್ಷನ್ ಹೆಂಗಸರಿಗೆ. ಮಿತವ್ಯಯದ ಹೊರೆ ಮನೆಯೊಳಗೆ ಯಾರ ತಲೆಯ ಮೇಲೆ ಬೀಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಕುಟುಂಬದ ಬಜೆಟ್ಟಿನ ಚರಿತ್ರೆಯನ್ನು ಬರೆಯುವವರು ಫಿಲ್ಟರಿನ ತಳದಲ್ಲಿ ಉಳಿದ ಚರಟವನ್ನೂ ನೋಡಬೇಕು. ಇನ್ನು ಚಿಕೋರಿ. ಬೇರೊಂದನ್ನು ಹುರಿದು ಪುಡಿಮಾಡಿ ಕಾಫಿಗೆ ಬೆರೆಸುವ ಈ ಪದ್ಧತಿ ಯುರೋಪಿನಿಂದ ಬಂದದ್ದು; ಕಾಫಿಯ ಅಭಾವ ಬಂದಾಗಲೆಲ್ಲ ಅದು ಅಲ್ಲಿ ಕೈಹಿಡಿದಿತ್ತು. ಇಲ್ಲಿ ಅದು ಅಗ್ಗದ ಉಪಾಯವಾಗಿ ಬಂದು, ಕಾಲಕ್ರಮದಲ್ಲಿ ರುಚಿಯೇ ಆಗಿ ನೆಲೆನಿಂತಿತು. ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡ 51ಕ್ಕಿಂತ ಕಡಿಮೆಯಿರಬಾರದೆಂಬ ನಿಯಮವೇ ದೇಶದಲ್ಲಿದೆ. ಬಡತನದಿಂದ ಹುಟ್ಟಿದ ರುಚಿ ಅನುಕೂಲ ಬಂದ ಮೇಲೂ ಬಿಡುವುದಿಲ್ಲ. ಇಂದು ಚಿಕೋರಿಯಿಲ್ಲದ ಕಾಫಿ ನೀರುನೀರೆಂದು ದೂರುವ ಮೈಸೂರಿನ ಮನೆಗಳು ಕಡಿಮೆಯೇನಲ್ಲ.

ಎಲ್ಲಕ್ಕಿಂತ ಸೊಗಸಾದದ್ದು ‘ಬೈ-ಟು’. ಇಬ್ಬರು ಬಂದು ಒಂದು ಕಾಫಿ ಕೇಳಿ ಎರಡು ಲೋಟಗಳಲ್ಲಿ ಹಂಚಿಸಿಕೊಳ್ಳುವ ಈ ಪದ್ಧತಿ ಬೆಂಗಳೂರಿನ ದರ್ಶಿನಿಗಳಲ್ಲಿ ಇಂದಿಗೂ ನಡೆಯುತ್ತದೆ. ಖರ್ಚು ಅರ್ಧ, ಕುಡಿತ ಅರ್ಧ, ಆದರೆ ಸಹವಾಸ ಪೂರ್ತಿ. ಇಂಗ್ಲಿಷಿನ ಎರಡು ತುಣುಕುಗಳಿಂದಾದರೂ ಇದು ಅಪ್ಪಟ ಕನ್ನಡದ ಮಾತು, ಏಕೆಂದರೆ ಇಂಗ್ಲೆಂಡಿನವನಿಗೆ ಇದು ಅರ್ಥವಾಗದು. ಕಾಫಿಯನ್ನು ಬಿಡದೆ ಮಿತಗೊಳಿಸುವ ನಿಯಮವೊಂದು ಯಾವ ಆಚಾರ್ಯರ ನೆರವೂ ಇಲ್ಲದೆ ಬೀದಿಯಲ್ಲಿ ಹುಟ್ಟಿದ ಬಗೆ ಇದು.

1957 ಈ ಚರಿತ್ರೆಯಲ್ಲಿ ಒಂದು ಕುತೂಹಲದ ವರ್ಷ. ಆ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ಎರಡಾಣೆ ಹನ್ನೆರಡೂವರೆ ನಯಾಪೈಸೆಯಾಯಿತು, ಅಂದರೆ ನಾಣ್ಯವಾಗಿ ಮುಂದುವರಿಯಲಾರದ ಮೊತ್ತವಾಯಿತು. ಅದೇ ವರ್ಷ, ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚುತ್ತಾ ಕೆಲಸಗಾರರನ್ನು ಬಿಡಿಸುತ್ತಿದ್ದಾಗ, ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಆ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿ ಹೌಸುಗಳನ್ನು ವಹಿಸಿಕೊಳ್ಳತೊಡಗಿದರು. ಅವುಗಳಲ್ಲಿ ಮೊದಲ ಸಾಲಿನದು ಬೆಂಗಳೂರಿನ ಸಂಘ. ಲೋಟ ಹೊತ್ತವರ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಬಂದ ಸಂದರ್ಭವದು.

ಪಿಗ್ಮಿಯನ್ನು ಹೊತ್ತವರಿಗೆ ಅಂಥ ದಿನ ಬೇಗ ಬರಲಿಲ್ಲ. 1969ರ ಜುಲೈ 19ರಂದು ರಾಷ್ಟ್ರೀಕೃತವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಸೇರಿದ್ದವು. ಬ್ಯಾಂಕಿನ ಒಳಗೆ ಕುಳಿತವರು ಸಂಬಳ, ರಜೆ, ನಿವೃತ್ತಿಯ ಸೌಲಭ್ಯಗಳನ್ನು ಪಡೆದರು. ಬಿಸಿಲು ಮಳೆಗಳಲ್ಲಿ ಮನೆಮನೆ ಸುತ್ತಿದ ಸಂಗ್ರಾಹಕನಿಗೆ ದೊರೆತದ್ದು ಕೂಡಿಸಿದ ಹಣದ ಮೇಲಿನ ಕಮಿಷನ್ ಮಾತ್ರ. ಒಂದು ವಾರ ಜ್ವರ ಬಂದರೆ ಆ ವಾರದ ವರಮಾನವಿಲ್ಲ. ಊರಿಗೆಲ್ಲ ನಾಳೆಯ ಭದ್ರತೆಯನ್ನು ಕೂಡಿಸಿಕೊಟ್ಟವನಿಗೆ ತನ್ನ ನಾಳೆಯ ಭದ್ರತೆಯಿರಲಿಲ್ಲ. ಅವನು ಬ್ಯಾಂಕಿನ ಕೆಲಸಗಾರನೇ, ಸ್ವತಂತ್ರ ಏಜೆಂಟನೇ ಎಂಬ ವಿವಾದ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಹೋಯಿತು. 1988ರಲ್ಲಿ ಅದರ ತೀರ್ಪು ಸಂಗ್ರಾಹಕರ ಪರವಾಗಿ ಬಂದಿತು. ಬ್ಯಾಂಕುಗಳು ಮೇಲೆ ಹೋದವು. ಕೊನೆಗೆ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಕೆಲಸಗಾರರೆಂದೇ ಒಪ್ಪಿ, ಕಮಿಷನ್ನಿನ ಜೊತೆಗೆ ಕನಿಷ್ಠ ವೇತನದಂಥ ಒಂದು ಆಸರೆಯನ್ನು ಎತ್ತಿಹಿಡಿಯಿತು. ಯೋಜನೆ ಹುಟ್ಟಿ ಆಗ ಎಪ್ಪತ್ತಮೂರು ವರ್ಷ ಕಳೆದಿದ್ದವು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಆ ಹೆಸರು ಫಲಕಗಳಿಂದ ಇಳಿಯಿತು. ಪಿಗ್ಮಿ ಎಂಬ ಮಾತು ಇಳಿಯಲಿಲ್ಲ. ಸಹಕಾರ ಸಂಘಗಳು, ಸಣ್ಣ ಸೊಸೈಟಿಗಳು ಅದನ್ನು ಎಂದೋ ತಮ್ಮದಾಗಿಸಿಕೊಂಡಿದ್ದವು. ಸಂಗ್ರಾಹಕನ ಕೈಯಲ್ಲೀಗ ಪುಸ್ತಕದ ಬದಲು ರಸೀದಿ ಮುದ್ರಿಸುವ ಪುಟ್ಟ ಯಂತ್ರವಿದೆ. ಸಂಜೆಯ ಹೊತ್ತು ಪೇಟೆಯ ಬೀದಿಯಲ್ಲಿ ಹೂವಿನವಳು, ದರ್ಜಿ, ಬೀಡದ ಅಂಗಡಿಯವನು ಎಲ್ಲರ ಬಳಿಯೂ ಅರೆಗಳಿಗೆ ನಿಂತು, ಅವನು ಕೊನೆಗೆ ಹೋಟೆಲಿಗೆ ಬರುತ್ತಾನೆ. ದಿನದ ಕಾಫಿ ಮಾರಿದ ಹಣದಲ್ಲಿ ಒಂದು ಭಾಗವನ್ನು ಮಾಲೀಕರು ಗಲ್ಲಾದಿಂದ ತೆಗೆದು ಎಣಿಸಿ ಕೊಡುತ್ತಾರೆ. ರಸೀದಿ ಹರಿಯುವಷ್ಟರಲ್ಲಿ ಮಾಣಿ ಹೇಳದೆಯೇ ಒಂದು ಲೋಟ ಕಾಫಿಯನ್ನು ಅವನ ಮುಂದೆ ತಂದಿಡುತ್ತಾನೆ. ಅದಕ್ಕೆ ಅವನಿಂದ ಯಾರೂ ದುಡ್ಡು ಕೇಳುವ ರೂಢಿಯಿಲ್ಲ.